ಭೀಮೆಯ ದಂಡೆಗೆ ಹಿಮ

ಮಣ್ಣೂರಕ್ಕೆ ಹೊರಗಿನವರು ಬರುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಯಲ್ಲಮ್ಮನಿಗೆ ಹರಕೆ ಒಪ್ಪಿಸಲು, ಇಲ್ಲವೇ ಮಾಧವತೀರ್ಥರ ವೃಂದಾವನಕ್ಕೆ ಕೈಮುಗಿಯಲು. ನನ್ನ ಚೀಲದಲ್ಲಿ ಕಾಯಿ ಕರ್ಪೂರ ಯಾವುದೂ ಇರಲಿಲ್ಲ. ಕಲಬುರಗಿ ಬಸ್ ನಿಲ್ದಾಣದಲ್ಲಿ ಅದನ್ನು ಸೀಟಿನ ಕೆಳಗೆ ತಳ್ಳಲು ನೆರವಾದ ಕಂಡಕ್ಟರ್, "ಕಲ್ಲು ತುಂಬೀರೇನ್ರಿ ಮೇಡಂ?" ಎಂದರು. ಪುಸ್ತಕ ಅಂದೆ. ಪರೀಕ್ಷಾದ್ದಾ ಎಂದು ಕೇಳಿದರು. ಅಲ್ಲ, ಸಣ್ಣ ಮಕ್ಕಳು ನೋಡುವ ಚಿತ್ರದ ಪುಸ್ತಕ ಅಂದಾಗ ಒಂದನ್ನು ಹೊರಗೆ ತೆಗೆಸಿ, ಟಿಕೆಟ್ ಕೊಡುವುದನ್ನು ನಿಲ್ಲಿಸಿ ನಾಲ್ಕು ಪುಟ ತಿರುವಿ, "ಇದ್ರಾಗ ಬರದದ್ದೇ ಇಲ್ಲಲ್ರಿ!" ಎಂದು ನಗುತ್ತ ವಾಪಸು ಕೊಟ್ಟರು.

ನೇರ ಅಫಜಲಪುರಕ್ಕೆ ಹೋಗದೆ ನಾನು ಆಳಂದದ ಸುತ್ತುದಾರಿ ಹಿಡಿದಿದ್ದೆ. ಆ ರಸ್ತೆಯಲ್ಲಿ ಕಡಗಂಚಿ ಬರುತ್ತದೆ. 2009ರಲ್ಲಿ ಹುಟ್ಟಿದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಕಟ್ಟಡಗಳು ತೊಗರಿ ಹೊಲಗಳ ನಡುವೆ ಎದ್ದು ನಿಂತಿರುವುದನ್ನು ಕಿಟಕಿಯಿಂದ ನೋಡುವುದೇ ಒಂದು ಬೆರಗು. ತೊಗರಿ ಕಿತ್ತು ರಾಶಿ ಮುಗಿದಿತ್ತು, ಹಿಂಗಾರಿ ಜೋಳ ತೆನೆ ತುಂಬಿ ನಿಂತಿತ್ತು. ಬಸ್ಸಿನೊಳಗೆ ಮುಂದಿನ ಸೀಟಿನಲ್ಲಿ ಲಂಬಾಣಿ, ಪಕ್ಕದಲ್ಲಿ ದಖನಿ, ಹಿಂದೆ ಮರಾಠಿ, ಎಲ್ಲರೂ ಕಂಡಕ್ಟರ್ ಜೊತೆ ಮಾತ್ರ ಕನ್ನಡ. 1948ರ ಸೆಪ್ಟೆಂಬರ್ ತನಕ ನಿಜಾಮನ ಆಳ್ವಿಕೆಯಲ್ಲಿದ್ದ ಸೀಮೆ ಇದು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದಾಗ ಭಾಷೆಗಳೇನೂ ಗಡಿಯಾಚೆ ಎದ್ದು ಹೋಗಲಿಲ್ಲ. ಆ ಬಸ್ಸಿನಲ್ಲಿದ್ದ ಮಕ್ಕಳೆಲ್ಲ ನಾಳೆ ಬೆಳಿಗ್ಗೆ ಒಂದೇ ತರಗತಿಯಲ್ಲಿ ಕೂರುತ್ತಾರೆ. ಅವರೆದುರು ಒಬ್ಬ ಶಿಕ್ಷಕಿ, ಒಂದು ಕಪ್ಪು ಹಲಗೆ. ಅಕ್ಷರ ಕಲಿಸಬೇಕು.

ಆಳಂದದಲ್ಲಿ ಲಾಡ್ಲೆ ಮಶಾಯಕ್ ದರ್ಗಾದ ದಾರಿ ಕೇಳುವವರ ಗುಂಪಿನಲ್ಲಿ ಇಳಿದು, ಅಲ್ಲಿಂದ ಹತ್ತಿರದ ಹಳ್ಳಿಯೊಂದಕ್ಕೆ ಹೋದೆ. ಶಿಕ್ಷಕರಾಗಲು ಓದುತ್ತಿದ್ದ ಕೆಲವು ಯುವಕ ಯುವತಿಯರು ಅಲ್ಲಿನ ಶಾಲೆಯಲ್ಲಿ ಬೋಧನಾಭ್ಯಾಸಕ್ಕೆ ಬಂದಿದ್ದರು. ಅವರ ಕೈಗೆ ಏನೂ ಹೇಳದೆ ಎಜ್ರಾ ಜ್ಯಾಕ್ ಕೀಟ್ಸ್ ಎಂಬ ಅಮೆರಿಕದ ಲೇಖಕನ 'ದಿ ಸ್ನೋಯಿ ಡೇ' ಕೊಟ್ಟೆ. 1962ರಲ್ಲಿ ಬಂದ ಪುಸ್ತಕ. ಪೀಟರ್ ಎಂಬ ಕಪ್ಪು ಹುಡುಗ ಕೆಂಪು ಅಂಗಿ ತೊಟ್ಟು, ರಾತ್ರಿಯಿಡೀ ಬಿದ್ದ ಹಿಮದಲ್ಲಿ ಇಡೀ ದಿನ ಆಡುತ್ತಾನೆ. ಅಷ್ಟೇ ಕಥೆ. ಒಬ್ಬ ಯುವಕ ನಿಮಿಷದೊಳಗೆ ಪುಟ ತಿರುವಿ ಮುಚ್ಚಿ "ಮುಗೀತ್ರಿ" ಅಂದ. ಇನ್ನೊಬ್ಬನ ಮೊದಲ ಪ್ರಶ್ನೆ, "ಇದರ ನೀತಿ ಏನು ಮೇಡಂ?" ಮೂರನೆಯವಳು ಪೆನ್ನು ತೆಗೆದು, ಇದಕ್ಕೆ ಕಲಿಕಾ ಫಲ ಯಾವುದು ಬರೆದುಕೊಳ್ಳಲಿ ಅಂದಳು. ಅವರನ್ನು ದೂರುವಂತಿಲ್ಲ. ಶಿಕ್ಷಕರ ತರಬೇತಿಯಲ್ಲಿ ಚಿತ್ರವೆಂದರೆ ಗೋಡೆಗೆ ತೂಗುಹಾಕುವ ಪಟ, ಕೋಲಿನಿಂದ ತೋರಿಸಿ "ಇದು ಏನು?" ಎಂದು ಕೇಳಬೇಕು, ಮಕ್ಕಳು ಒಟ್ಟಾಗಿ "ಹಸು" ಎನ್ನಬೇಕು. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗೆ ಚಿತ್ರವೂ ಬೇಕಿಲ್ಲ, ಮಗುವೂ ಬೇಕಿಲ್ಲ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಅಕ್ಷರದ ಸಾಲುಗಳ ಮೇಲೆ ಕಾಗದದ ಪಟ್ಟಿ ಇಟ್ಟು ಮುಚ್ಚಿ, ಈಗ ಮತ್ತೆ ನೋಡಿ ಎಂದೆ. ನೋಡುತ್ತ ನೋಡುತ್ತ ಅವರ ದನಿ ಬದಲಾಯಿತು. ಹಿಮದಲ್ಲಿ ಹುಡುಗನ ಹೆಜ್ಜೆ ಗುರುತು ಎರಡು, ಒಂದು ಕಡೆ ಮೂರನೆಯ ಗೆರೆ. ಕೋಲು ಎಳೆದುಕೊಂಡು ಹೋಗಿದ್ದಾನೆ! ಅದನ್ನು ಕಂಡುಹಿಡಿದವನು ಆ "ಮುಗೀತ್ರಿ" ಎಂದವನೇ. ಕೊನೆಯ ಸಾಲಿನಲ್ಲಿ ಕೂತಿದ್ದ ಒಬ್ಬ ಯುವತಿ ಅಲ್ಲಿಯತನಕ ಬಾಯಿ ತೆರೆದಿರಲಿಲ್ಲ. ತಾಂಡಾದಿಂದ ಬಂದವಳು. ಒಂದನೇ ಇಯತ್ತೆಯಲ್ಲಿ ತಾನು ವರ್ಷಪೂರ್ತಿ ಮಾತಾಡದೆ ಕೂತಿದ್ದೆ ಎಂದಳು. "ಮನ್ಯಾಗ ಯಾಡಿ ಅಂತಿದ್ವಿ, ಸಾಲ್ಯಾಗ ಅವ್ವ ಅಂತ ಬರೀಬೇಕಿತ್ತು. ನಮ್ಮ ಗುರುಗಳು ನಾ ದಡ್ಡಿ ಅಂತ ತಿಳ್ಕೊಂಡಿದ್ರು. ಇಂಥ ಪುಸ್ತಕ ತೋರಿಸಿದ್ರ ನಾ ಏನರ ಹೇಳ್ತಿದ್ನೇನೋ." ಉಳಿದವರು ಅವಳತ್ತ ತಿರುಗಿ ನೋಡಿದರು. ವರ್ಷವಿಡೀ ಒಂದೇ ಕೋಣೆಯಲ್ಲಿ ಓದುತ್ತಿದ್ದವರಿಗೂ ಇದು ಹೊಸ ಸುದ್ದಿಯಾಗಿತ್ತು.

ಅಫಜಲಪುರದ ನಿಲ್ದಾಣದಲ್ಲಿ ಗಾಣಗಾಪುರದ ದತ್ತನ ಭಕ್ತರು, ಘತ್ತರಗಿ ಭಾಗ್ಯವಂತಿಗೆ ಹೊರಟವರು, ಕಬ್ಬು ಕಡಿಯುವ ಕುಟುಂಬಗಳು. ಎರಡೆರಡು ಟ್ರಾಲಿ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ದಾರಿಯುದ್ದಕ್ಕೂ ನಮ್ಮ ಬಸ್ಸನ್ನು ಮುಂದೆ ಬಿಡದೆ ಸತಾಯಿಸಿದವು. ಮಣ್ಣೂರ ತಲುಪಿದಾಗ ಬಿಸಿಲು ಇಳಿದಿತ್ತು. ಭೀಮಾ ಹೊಳೆ ತಣ್ಣಗೆ, ಅಗಲವಾಗಿ, ಯಾರಿಗೂ ಏನೂ ಮಾಡದವಳ ಹಾಗೆ ಹರಿಯುತ್ತಿದ್ದಳು. ಆಚೆ ದಂಡೆ ವಿಜಯಪುರ ಜಿಲ್ಲೆ.

ಆ ರಾತ್ರಿ ಉಳಿದುಕೊಂಡ ಮನೆಯಲ್ಲಿ ಕಂಡದ್ದನ್ನು ಮೊದಲು ಹೇಳಿಬಿಡಬೇಕು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಊಟವಾದ ಮೇಲೆ ಪಡಸಾಲೆಯಲ್ಲಿ ಪುಸ್ತಕ ಹರಡಿದೆ. ಮನೆಯ ಆಯಿಗೆ ಎಂಬತ್ತರ ಹತ್ತಿರ, ಅಕ್ಷರ ಗೊತ್ತಿಲ್ಲ. ನ್ಯಾಷನಲ್ ಬುಕ್ ಟ್ರಸ್ಟ್‌ನ ಹಳೆಯ ಪುಸ್ತಕ, ಮಿಕಿ ಪಟೇಲ್ ಬರೆದು ಚಿತ್ರಿಸಿದ ರೂಪಾ ಆನೆಯದ್ದು, ಅವರ ಕೈಗೆ ಬಂತು. ಬಣ್ಣಕ್ಕಾಗಿ ಹಂಬಲಿಸುವ ಆನೆ ಅದು. ಆಯಿ ಅದನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ಮೊಮ್ಮಗನಿಗೆ 'ಓದಿ' ಹೇಳಿದರು. ಪುಸ್ತಕದಲ್ಲಿರುವ ಕಥೆಯಲ್ಲ. ಅವರ ಆನೆ ಮದುವೆಗೆ ಹೊರಟಿತ್ತು, ಮೈಗೆ ಅರಿಷಿಣ ಹಚ್ಚಿಸಿಕೊಂಡಿತ್ತು, ಬೀಗರು ನಕ್ಕರೆಂದು ಸಿಟ್ಟಾಗಿ ಹೊಳೆಗೆ ಇಳಿದು ತೊಳೆದುಕೊಂಡಿತು. ಒಂದು ಪುಟವೂ ಕಥೆಯಿಂದ ಹೊರಗೆ ಉಳಿಯಲಿಲ್ಲ. ಮೂಲೆಯಲ್ಲಿದ್ದ ಹಕ್ಕಿಗೂ ಒಂದು ಮಾತು ಸಿಕ್ಕಿತು. ನಮ್ಮ ಇದೇ ಜಿಲ್ಲೆಯ ಮಳಖೇಡದಲ್ಲಿ, ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಓದುಬರಹವಿಲ್ಲದೆಯೂ ಕಾವ್ಯ ಬಲ್ಲ ಜನರೆಂದು ಕನ್ನಡಿಗರನ್ನು ಹೊಗಳಿದೆ. ಭಾಷಣಗಳಲ್ಲಿ ಕೇಳಿ ಕೇಳಿ ಸವೆದುಹೋದ ಮಾತು. ಆ ಪಡಸಾಲೆಯಲ್ಲಿ ಅದು ನಿಜವೆನ್ನುವುದಕ್ಕೆ ಸಾಕ್ಷಿ ಕೂತಿತ್ತು, ಬಾಯಲ್ಲಿ ಎಲೆ ಅಡಿಕೆ ಹಾಕಿಕೊಂಡು.

ಮರುದಿನ ಬೆಳಿಗ್ಗೆ ಸಾಲಿ. ನಲಿಕಲಿ ಕೋಣೆ: ಒಂದು, ಎರಡು, ಮೂರನೇ ತರಗತಿ ಒಟ್ಟಿಗೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ. ಅದರಲ್ಲಿ ಅಕ್ಷರಗಳು ಅ ಆ ಇ ಈ ಎಂಬ ಸಾಲಿನಲ್ಲಿ ಬರುವುದಿಲ್ಲ. ರ, ಗ, ಸ, ದ, ಅ ಮೊದಲು ಬರುತ್ತವೆ, ಏಕೆಂದರೆ ಅಷ್ಟರಲ್ಲೇ ಮಗು ಅರಸ, ಸರ, ಅಗಸ ಎಂದು ಓದಿ ಬೀಗಬಹುದು. ಶಿಕ್ಷಕಿ ಚಿಕ್ಕ ವಯಸ್ಸಿನ ಅತಿಥಿ ಶಿಕ್ಷಕಿ. ಪುಸ್ತಕ ಓದಿ ಹೇಳುವ ಕೆಲಸ ಅವರದ್ದೇ. ನಾನು ಬಾಗಿಲ ಬಳಿ ಚಾಪೆಯ ಮೇಲೆ.

ಮೊದಲು 'ಇಸ್ಮತ್ಸ್ ಈದ್'. ಚೆನ್ನೈಯ ತೂಲಿಕಾ ಪ್ರಕಟಿಸಿದ್ದು, ಫೌಜಿಯಾ ಗಿಲಾನಿ ವಿಲಿಯಮ್ಸ್ ಬರೆದದ್ದು, ಚಿತ್ರ ಪ್ರೋಯಿತಿ ರಾಯ್ ಅವರದು. ತುರ್ಕಿಯ ಜನಪದ ಕಥೆ ಅದರ ಬೇರು. ಹಬ್ಬಕ್ಕೆ ಕೊಂಡ ಹೊಸ ಪೈಜಾಮ ಉದ್ದವಾಗಿದೆ. ಕತ್ತರಿಸಿ ಹೊಲಿದು ಕೊಡಿ ಎಂದರೆ ಮನೆಯವರೆಲ್ಲ ಹಬ್ಬದ ಕೆಲಸದಲ್ಲಿದ್ದೇವೆ ಎನ್ನುತ್ತಾರೆ. ಇಸ್ಮತ್ ತಾನೇ ಕತ್ತರಿಸುತ್ತಾನೆ. ಆಮೇಲೆ ಮನೆಯ ಒಬ್ಬೊಬ್ಬರಿಗೂ ಪಾಪ ಅನಿಸಿ, ಒಬ್ಬರಿಗೊಬ್ಬರು ಹೇಳದೆ ಒಂದೊಂದು ತುಂಡು ಕತ್ತರಿಸುತ್ತಾರೆ. ಮುಂದಿನದನ್ನು ಮಕ್ಕಳು ಪುಟ ತಿರುವುವ ಮೊದಲೇ ಊಹಿಸಿ ನೆಲಕ್ಕೆ ಬಿದ್ದು ನಕ್ಕರು. "ಚಡ್ಡಿ ಆಗ್ಯದ! ಚಡ್ಡಿ ಆಗ್ಯದ!"

ಆ ಗದ್ದಲದಲ್ಲಿ ಕಿಟಕಿಯ ಪಕ್ಕದ ಒಬ್ಬ ಹುಡುಗ ಮೊಣಕಾಲ ಮೇಲೆ ಎದ್ದು ನಿಂತಿದ್ದ. ಮನೆಮಾತು ದಖನಿ. ನಲಿಕಲಿಯ ಕಲಿಕೆ ಕಾರ್ಡುಗಳಲ್ಲಿ ಹಿಂದೆ ಉಳಿದವನು ಎಂದು ಶಿಕ್ಷಕಿ ಆಮೇಲೆ ಹೇಳಿದರು. "ಇದು ನಮ್ದು" ಅಂದ. ಏನು ನಿಮ್ದು? "ಹಬ್ಬ." ಅಲ್ಲಿಂದ ಅವನೇ ಗುರು. ಶೀರಖುರ್ಮಾಕ್ಕೆ ಏನೇನು ಹಾಕುತ್ತಾರೆ, ಈದ್ಗಾಕ್ಕೆ ಯಾರು ಹೋಗುತ್ತಾರೆ, ಈದಿ ದುಡ್ಡು ಯಾರು ಜಾಸ್ತಿ ಕೊಡುತ್ತಾರೆ. ಇನ್ನೊಬ್ಬಳು ತಡೆಯಲಾರದೆ, ಅವರ ಮನೆಯಿಂದ ನಮ್ಮ ಮನೆಗೂ ಡಬ್ಬಿ ಬರುತ್ತದೆ ಎಂದಳು. ಮತ್ತೊಬ್ಬ, ಮೊಹರಂಗೆ ನಾನೂ ಫಕೀರ ಆಗಿದ್ದೆ ಎಂದ. ಹಣೆಗೆ ವಿಭೂತಿ ಹಚ್ಚಿಕೊಂಡು ಬಂದಿದ್ದ ಹುಡುಗ! ಈ ಸೀಮೆಯಲ್ಲಿ ಅದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಾದದ್ದು ಆ ಮಾತು ಅಷ್ಟು ದಿನ ತರಗತಿಯ ಹೊರಗೇ ಉಳಿದದ್ದು. ಶಿಕ್ಷಕಿ ಹಲಗೆಯ ಮೇಲೆ 'ಈದ್' ಎಂದು ಬರೆದರು. ಹುಡುಗ ಹತ್ತಿರ ಹೋಗಿ ಎರಡನೆಯ ಅಕ್ಷರ ಮುಟ್ಟಿದ. "ಇದು ದ. ನನಗ ಗೊತ್ತದ. ಮತ್ತ ಇದು…" ಒಂದು ಕ್ಷಣ ತಡೆದು, "ಈ!" ಎಂದು ಕೂಗಿದ. ನಲಿಕಲಿಯ ಏಣಿಯಲ್ಲಿ ಆ ಅಕ್ಷರ ಇನ್ನೂ ಎಷ್ಟೋ ಮೆಟ್ಟಿಲು ಮೇಲಿತ್ತು. ಅವನು ಅದನ್ನು ಹಾರಿ ಹಿಡಿದಿದ್ದ.

ನಾನು ಅಷ್ಟಕ್ಕೇ ಚೀಲ ಕಟ್ಟಿಕೊಂಡು ಹೊರಟಿದ್ದರೂ ಬಂದದ್ದು ಸಾರ್ಥಕ ಅನ್ನಬಹುದಿತ್ತು. ಹಿಮ ಇನ್ನೂ ಬಾಕಿ ಇತ್ತು.

ಶಿಕ್ಷಕಿ ನನ್ನ ಜೊತೆ ಒಂದು ಒಪ್ಪಂದ ಮಾಡಿಕೊಂಡಿದ್ದರು: ಪ್ರತಿ ಪುಟದಲ್ಲೂ ಮಕ್ಕಳೇ ಮೊದಲು ಮಾತಾಡುವ ತನಕ ತಾವು ಬಾಯಿ ತೆರೆಯುವುದಿಲ್ಲ. ಕೇಳಲು ಸುಲಭ. ನಲವತ್ತು ಕಣ್ಣುಗಳ ಎದುರು ಪುಸ್ತಕ ಹಿಡಿದು ಸುಮ್ಮನೆ ನಿಲ್ಲುವ ಶಿಕ್ಷಕಿಯ ಗಂಟಲಿನಲ್ಲಿ ಪ್ರಶ್ನೆಗಳು ಉಬ್ಬಿ ಬರುವುದು ನನಗೆ ಕಾಣುತ್ತಿತ್ತು. ಮೊದಲ ಪುಟ, ಮಂಚದ ಮೇಲೆ ಎದ್ದು ಕೂತ ಪೀಟರ್, ಕಿಟಕಿಯಾಚೆ ಎಲ್ಲ ಬಿಳಿ. ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಒಂದು ದನಿ, "ಹತ್ತಿ." ಇನ್ನೊಂದು, "ಸುಣ್ಣ ಹೊಡ್ದಾರ." ಮೂರನೆಯದು, "ಸಕ್ಕರಿ ಫ್ಯಾಕ್ಟರಿ!" ಹವಳಗಾದಲ್ಲಿ ಸಕ್ಕರೆ ಕಾರ್ಖಾನೆ ನೋಡಿ ಬಂದವನಿರಬೇಕು. ಒಂದೊಂದೂ ಸರಿಯಾದ ಓದು. ಹೆಜ್ಜೆಗುರುತಿನ ಪುಟದಲ್ಲಿ ಕೋಲಿನ ಗೆರೆಯನ್ನು ಕಂಡುಹಿಡಿಯಲು ಅವರಿಗೆ ಕಾಗದದ ಪಟ್ಟಿ ಬೇಕಾಗಲಿಲ್ಲ. ಧೂಳಿನ ದಾರಿಯಲ್ಲಿ ದಿನಾ ಅದನ್ನೇ ಎಳೆಯುವವರು ಅವರು.

ಹಿಮ ತಣ್ಣಗಿರುತ್ತದೆ, ಕರಗುತ್ತದೆ ಎಂದು ಹೇಳುವುದೋ ಬೇಡವೋ ಎಂದು ಶಿಕ್ಷಕಿ ನನ್ನತ್ತ ನೋಡಿದರು. ಅಷ್ಟರಲ್ಲಿ ಪೀಟರ್ ಹಿಮದ ಉಂಡೆ ಕಟ್ಟಿ ಕಿಸೆಯಲ್ಲಿ ಇಟ್ಟುಕೊಳ್ಳುವ ಪುಟ ಬಂತು. ನಾಳೆ ಆಡಲು. ಮೂರನೇ ತರಗತಿಯ ಒಬ್ಬಳು ಪುಸ್ತಕಕ್ಕೇ ಬೈದಳು: "ಹುಚ್ಚ! ಕಿಸೇದಾಗ ಇಡಬ್ಯಾಡ! ಕರಗಿ ಹೋಗ್ತದ!" ನಿನಗೆ ಹೇಗೆ ಗೊತ್ತು? "ನಾ ಆಣೆಕಲ್ಲು ಇಟ್ಟಿದ್ದೆ. ಲಂಗ ತೊಯ್ದು ನಮ್ಮವ್ವ ಬೈದ್ಳು." ಆಹಾ! ಇಡೀ ತರಗತಿಗೆ ಆಣೆಕಲ್ಲಿನ ನೆನಪು ಒಮ್ಮೆಲೇ ಬಂತು. ಬೇಸಿಗೆಯ ಮೋಡ, ಪತ್ರಾಸಿನ ಮೇಲೆ ಬೀಳುವ ಸದ್ದು, ಬುಟ್ಟಿ ತಲೆಗೆ ಹಾಕಿಕೊಂಡು ಓಡಿ ಆರಿಸಿ ಬಾಯಿಗೆ ಹಾಕಿಕೊಳ್ಳುವುದು, ದ್ರಾಕ್ಷಿ ತೋಟದವರು ಅಳುವುದು. ನಲವತ್ತೆರಡು ಡಿಗ್ರಿ ಬಿಸಿಲಿನ ಊರಿಗೆ ಹಿಮ ಪರಕೀಯ ಎಂದು ನಾನು ಅಂದುಕೊಂಡಿದ್ದೆ. ಬ್ರೂಕ್ಲಿನ್‌ನ ಪೀಟರನೂ ಮಣ್ಣೂರಿನ ಈ ಹುಡುಗಿಯೂ ಒಂದೇ ಖಾಲಿ ಕಿಸೆಯನ್ನು ರಾತ್ರಿ ತಡವಿ ನೋಡಿದವರು. ಅದು ಖಾಲಿಯಾಗಿದ್ದ ಪುಟ ಬಂದಾಗ ಯಾರೂ ನಗಲಿಲ್ಲ.

ಮಕ್ಕಳಿಗೆ ಪುಸ್ತಕ ಕೆಲವೊಮ್ಮೆ ಕನ್ನಡಿ, ಕೆಲವೊಮ್ಮೆ ಕಿಟಕಿ, ಕೆಲವೊಮ್ಮೆ ದಾಟಿ ಹೋಗಬಹುದಾದ ಗಾಜಿನ ಬಾಗಿಲು ಎಂದು 1990ರಲ್ಲಿ ರುಡೀನ್ ಸಿಮ್ಸ್ ಬಿಷಪ್ ಎಂಬ ಅಮೆರಿಕದ ವಿದ್ವಾಂಸೆ ಬರೆದರು. ಶಿಕ್ಷಕರ ತರಬೇತಿಯಲ್ಲಿ ಜಗತ್ತಿನಾದ್ಯಂತ ಅದನ್ನು ಹೇಳಿಕೊಡುತ್ತಾರೆ. ಆ ಮೂರನ್ನೂ ಬೇರೆ ಬೇರೆ ಕಪಾಟಿನಲ್ಲಿಟ್ಟು ಪಾಠ ಮಾಡುವುದನ್ನು ನಾನು ನೋಡಿದ್ದೇನೆ: ಇದು ಕನ್ನಡಿ ಪುಸ್ತಕ, ಇದು ಕಿಟಕಿ ಪುಸ್ತಕ. ಯಾವುದು ಯಾವುದೆಂದು ತೀರ್ಮಾನಿಸುವುದು ಮಗು ಎಂಬುದಕ್ಕೆ ಒಂದು ತೊಯ್ದ ಲಂಗ ಸಾಕ್ಷಿ ಹೇಳಿತು.

ಪುಸ್ತಕ ಮುಚ್ಚಿದ ಮೇಲೆ ಒಂದು ಪ್ರಶ್ನೆ ಬಂತು. ಎರಡನೇ ತರಗತಿಯ ಸಣ್ಣ ಹುಡುಗಿ, ಮುಖಪುಟದ ಪೀಟರನ ಕೆನ್ನೆಯ ಮೇಲೆ ಬೆರಳಿಟ್ಟು ಕೇಳಿದಳು: "ಇಂವ ನನ್ನಂಗ ಕರ್ರಗ ಅದಾನ. ಮತ್ತ ಪುಸ್ತಕದಾಗ ಹೆಂಗ ಬಂದ?"

ಶಿಕ್ಷಕಿ ಈಗಲೂ ಸುಮ್ಮನಿದ್ದರು, ಆದರೆ ಇದು ಬೇರೆ ಬಗೆಯ ಮೌನ. ನನಗೆ ನೆನಪಾದದ್ದು 1965ರಲ್ಲಿ ನ್ಯಾನ್ಸಿ ಲ್ಯಾರಿಕ್ ಬರೆದ ಲೇಖನ. ಮೂರು ವರ್ಷಗಳಲ್ಲಿ ಅಮೆರಿಕದಲ್ಲಿ ಬಂದ 5,206 ಮಕ್ಕಳ ಪುಸ್ತಕಗಳನ್ನು ಅವರು ಲೆಕ್ಕ ಹಾಕಿದ್ದರು. ಒಬ್ಬ ಕಪ್ಪು ವ್ಯಕ್ತಿಯಾದರೂ ಇದ್ದ ಪುಸ್ತಕಗಳು 349. ಆ ಲೇಖನ ತೆರೆದುಕೊಳ್ಳುವುದು ಐದು ವರ್ಷದ ಕಪ್ಪು ಹುಡುಗಿಯೊಬ್ಬಳ ಪ್ರಶ್ನೆಯಿಂದ: ಪುಸ್ತಕದಲ್ಲಿ ಯಾವಾಗಲೂ ಬಿಳಿ ಮಕ್ಕಳೇ ಯಾಕೆ? ನ್ಯೂಯಾರ್ಕಿನ ಆ ಮಗುವಿಗೂ ಭೀಮೆಯ ದಂಡೆಯ ಈ ಮಗುವಿಗೂ ನಡುವೆ ಅರವತ್ತು ವರ್ಷ. ಕೀಟ್ಸ್ ಮಾತ್ರ ಕಪ್ಪು ವರ್ಣೀಯನಲ್ಲ. ಪೋಲೆಂಡಿನಿಂದ ಬ್ರೂಕ್ಲಿನ್‌ಗೆ ವಲಸೆ ಬಂದ ಬಡ ಯಹೂದಿ ದಂಪತಿಯ ಮಗ, ಕಾಟ್ಜ್ ಎಂಬ ಮನೆತನದ ಹೆಸರನ್ನು ಕೀಟ್ಸ್ ಎಂದು ಬದಲಿಸಿಕೊಂಡವನು. 1940ರ 'ಲೈಫ್' ಪತ್ರಿಕೆಯಲ್ಲಿ ಕಂಡ ಒಬ್ಬ ಪುಟ್ಟ ಕಪ್ಪು ಹುಡುಗನ ಫೋಟೋಗಳನ್ನು ಕತ್ತರಿಸಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಜೋಪಾನ ಮಾಡಿದ್ದ. ಆ ಹುಡುಗನೇ ಪೀಟರ್. 1963ರಲ್ಲಿ ಈ ಪುಸ್ತಕಕ್ಕೆ, ಚಿತ್ರಪುಸ್ತಕಗಳಿಗೆ ಅಲ್ಲಿನ ದೊಡ್ಡ ಗೌರವವಾದ ಕಾಲ್ಡಿಕಾಟ್ ಪದಕ ಬಂತು. ಪೀಟರನ ತಾಯಿಯ ಚಿತ್ರ ಕಪ್ಪು ಹೆಂಗಸರ ಬಗೆಗಿನ ಹಳೆಯ ಅಚ್ಚಿನಲ್ಲೇ ಇದೆ ಎಂದು ಇದೇ ಲ್ಯಾರಿಕ್ ಆಕ್ಷೇಪಿಸಿದ್ದರು. ಒಳ್ಳೆಯ ಪುಸ್ತಕಕ್ಕೂ ಇಂಥ ಜಗಳ ಬೇಕು. ಅಕ್ಕರೆಯಿಂದ ಓದಿದವರು ಮಾತ್ರ ಅದನ್ನು ಆಡಬಲ್ಲರು.

ಇಷ್ಟನ್ನೆಲ್ಲ ಆ ಹುಡುಗಿಗೆ ಹೇಳುವುದೆಂತು? ಶಿಕ್ಷಕಿ ಕೊನೆಗೆ ಹೇಳಿದ್ದು ಇಷ್ಟೇ: "ಒಬ್ರು ಇಂವನ್ನ ನೋಡಿ ಚಂದ ಅದಾನ ಅಂತ ಬರದ್ರು. ನಿಂದೂ ಬರೀಬಹುದು." ನಾನಾಗಿದ್ದರೆ ಇನ್ನೂ ಉದ್ದ ಮಾತಾಡಿ ಕೆಡಿಸುತ್ತಿದ್ದೆ.

ಆಮೇಲಿನ ಒಂದು ಗಂಟೆ ಹಲ್ಲುಜ್ಜುವ ಬ್ರಷ್ಷುಗಳದ್ದು. ಕೀಟ್ಸ್ ಈ ಪುಸ್ತಕವನ್ನು ಬರೀ ಕುಂಚದಿಂದ ಮಾಡಿದ್ದಲ್ಲ. ತಾಯಿಯ ಉಡುಪಿಗೆ ಕಪಾಟಿನೊಳಗೆ ಹಾಸುವ ಎಣ್ಣೆಬಟ್ಟೆ ಕತ್ತರಿಸಿ ಅಂಟಿಸಿದ. ರಬ್ಬರನ್ನು ಕೆತ್ತಿ ಹಿಮದ ಹರಳಿನ ಅಚ್ಚು ಮಾಡಿದ. ಟೂತ್‌ಬ್ರಷ್ಷನ್ನು ಮಸಿಯಲ್ಲಿ ಅದ್ದಿ ಚಿಮುಕಿಸಿದ. ಊರಿನ ಅಂಗಡಿಯಲ್ಲಿ ಅದಕ್ಕೆಲ್ಲ ಸಾಮಾನು ಸಿಗುತ್ತದೆ. ನೀಲಿ ಕಾಗದದ ಮೇಲೆ ಸುಣ್ಣದ ನೀರು ಚಿಮ್ಮಿ ಮಕ್ಕಳು ಆಣೆಕಲ್ಲಿನ ಮಳೆ ಸುರಿಸಿದರು. ಗೋಡೆ, ಸಮವಸ್ತ್ರ, ನನ್ನ ಸೀರೆ ಎಲ್ಲಕ್ಕೂ ಬಿತ್ತು. ಪ್ರತಿ ಚಿತ್ರದ ಕೆಳಗೆ ಮಗು ಹೇಳಿದ ಒಂದು ಸಾಲನ್ನು ಶಿಕ್ಷಕಿ ಮಗುವಿನ ಮಾತಿನಲ್ಲೇ ಬರೆದುಕೊಟ್ಟರು, ತಿದ್ದದೆ. ತನ್ನ ಬಾಯಿಂದ ಬಂದ ಸಾಲನ್ನು ಓದುವುದು ಯಾವ ಮಗುವಿಗೂ ಕಷ್ಟವಾಗಲಿಲ್ಲ.

ಬಿಸಿಯೂಟದ ಹೊತ್ತಿಗೆ ಹಿರಿಯ ಗುರುಗಳೊಬ್ಬರು ಪಕ್ಕಕ್ಕೆ ಬಂದು ಕೂತರು. "ಎಲ್ಲ ಛೊಲೊ ಅದ ಮೇಡಂ. ಆದ್ರ ಪಾಠ ಮುಗಿಸೋದು ಯಾವಾಗ್ರಿ?" ಆ ಪ್ರಶ್ನೆಯ ಹಿಂದೆ ದೊಡ್ಡ ಭಾರವಿದೆ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲೇ ಕೊನೆ. ಪತ್ರಿಕೆಗಳು ಅದನ್ನು ದಪ್ಪಕ್ಷರದಲ್ಲಿ ಬರೆದವು, ಬೈಗುಳ ಮೇಲಿನಿಂದ ಇಳಿಯುತ್ತ ಒಂದನೇ ತರಗತಿಯ ತನಕ ಬಂದು ನಿಲ್ಲುತ್ತದೆ. ಕಥೆ ಪುಸ್ತಕವೇ ಪಾಠ ಎಂದು ಒಂದು ವಾಕ್ಯದಲ್ಲಿ ಹೇಳಿ ಅವರನ್ನು ಗೆಲ್ಲುವ ಆಸೆ ನನಗಾಗಲಿಲ್ಲ. ಬೆಳಿಗ್ಗೆ 'ಈ' ಓದಿದ ಹುಡುಗನನ್ನು ಕರೆದು, ನೀವೇ ಕೇಳಿ ನೋಡಿ ಅಂದೆ. ಅವರು ಕೇಳಿದರು. ಹುಡುಗ 'ಈದ್' ಓದಿದ, 'ಈಗ' ಓದಿದ. 'ಈಚಲ' ಬರಲಿಲ್ಲ. ಗುರುಗಳು "ಹ್ಮ್" ಎಂದು ಎದ್ದು ಹೋದರು. ಒಪ್ಪಿದರೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ.

ಶಿಕ್ಷಕಿಯ ಚಿಂತೆ ಬೇರೆ. ಮುಂದಿನ ಪುಸ್ತಕ ಎಲ್ಲಿಂದ? ಮೊಬೈಲಿನಲ್ಲಿ ಸ್ಟೋರಿವೀವರ್ ತೆರೆದು ತೋರಿಸಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರ ಸೆಪ್ಟೆಂಬರ್ 8ರಂದು, ಸಾಕ್ಷರತಾ ದಿನದಂದೇ ಆರಂಭಿಸಿದ ತಾಣ. ಕಥೆಗಳನ್ನು ಯಾರು ಬೇಕಾದರೂ ಓದಬಹುದು, ಅನುವಾದಿಸಬಹುದು, ಮುದ್ರಿಸಿಕೊಳ್ಳಬಹುದು. ಮುನ್ನೂರಕ್ಕೂ ಹೆಚ್ಚು ಭಾಷೆಗಳಿವೆ. ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಅಲ್ಲಿಯೂ ಕೇಳಬಹುದು. ಅವರು ಪಟ್ಟಿ ನೋಡುತ್ತ ಹೋದರು. "ಕಾಡು ಅದ, ಸಮುದ್ರ ಅದ, ಬೆಂಗಳೂರು ಅದ. ನಮ್ಮ ಕಡೀದು?" ಹೈದರಾಬಾದಿನ ಅನ್ವೇಷಿ ಎಂಬ ಮಹಿಳಾ ಅಧ್ಯಯನ ಸಂಸ್ಥೆ 2008ರಲ್ಲಿ ತಂದ 'ಡಿಫರೆಂಟ್ ಟೇಲ್ಸ್' ಮಾಲೆ ನನಗೆ ನೆನಪಾಯಿತು: ದಲಿತರ, ಮುಸ್ಲಿಮರ ಮನೆಯ ಬಾಲ್ಯ, ಅಲ್ಲಿನ ಅಡುಗೆ, ಅಲ್ಲಿನ ಶಾಲೆ. ಮೊಹಮ್ಮದ್ ಖದೀರ್ ಬಾಬು ಅವರ ತಲೆಮಾಂಸದ ಸಾರಿನ ಕಥೆ ಅದರಲ್ಲಿದೆ. ಮಾಲೆ ತೆಲುಗು, ಮಲಯಾಳಂ, ಇಂಗ್ಲಿಷಿನಲ್ಲಿ ಬಂತು. ಒಂದು ಕಾಲಕ್ಕೆ ಹೈದರಾಬಾದೇ ರಾಜಧಾನಿಯಾಗಿದ್ದ ಈ ಊರಿನ ಕನ್ನಡಕ್ಕೆ ಬಂದದ್ದನ್ನು ನಾನು ಕಂಡಿಲ್ಲ. ಇಂಥ ಕಡೆ ನನಗೆ ಬೆರಗಿನ ಜೊತೆ ಸಿಟ್ಟೂ ಬರುತ್ತದೆ.

"ಹಂಗಾದ್ರ ನಾವೇ ಮಾಡೂಣು" ಎಂದರು ಶಿಕ್ಷಕಿ. ಯಾವುದರ ಮೇಲೆ ಎಂದು ಮಕ್ಕಳನ್ನು ಕೇಳಿದ್ದೇ ತಡ, ಹಲವು ಬಾಯಿಗಳಿಂದ ಒಂದೇ ಮಾತು: ಹೊಳಿ ಬಂದದ್ದು. 2020ರ ಅಕ್ಟೋಬರಿನ ಮಹಾಪೂರ ಊರಿನ ದೊಡ್ಡವರ ನೆನಪು. 2025ರ ಸೆಪ್ಟೆಂಬರಿನದು ಈ ಮಕ್ಕಳದ್ದು. ಪುಟಗಳು ಒಂದೊಂದಾಗಿ ಬಂದವು. ಕಪ್ಪು ಮೋಡ. ಯಲ್ಲಮ್ಮನ ಗುಡಿಯ ಕಡೆಗೆ ಏರುವ ನೀರು. ಎಮ್ಮೆಯನ್ನು ಎಳೆಯುವ ಮುತ್ಯಾ. ಕಾಳಜಿ ಕೇಂದ್ರದಲ್ಲಿ ಸಾಲಾಗಿ ಊಟ, ಅಲ್ಲಿ ಮೊದಲ ಸಲ ಒಂದೇ ಪಂಕ್ತಿಯಲ್ಲಿ ಕೂತ ಎರಡು ಓಣಿಯವರು. ಆ ಪುಟ ಬರೆದ ಹುಡುಗಿ ಎರಡು ಓಣಿಯವರಿಗೆ ಎರಡು ಬಣ್ಣ ಹಾಕಿದ್ದಳು. ಯಾಕೆ ಎಂದು ಯಾರೂ ಕೇಳಲಿಲ್ಲ; ಎಲ್ಲರಿಗೂ ಗೊತ್ತಿತ್ತು. ಲಂಬಾಣಿ ಹುಡುಗನೊಬ್ಬ ತನ್ನ ಪುಟಕ್ಕೆ ತನ್ನ ಮಾತಿನಲ್ಲಿ ಒಂದು ಸಾಲು ಹೇಳಿದ. ಶಿಕ್ಷಕಿ ಕನ್ನಡ ಅಕ್ಷರದಲ್ಲಿ ಅದನ್ನು ಬರೆಯಲು ಹೊರಟು ಎರಡು ಸಲ ತಪ್ಪಿದರು, ಅವನು ಎರಡೂ ಸಲ ತಿದ್ದಿದ. ಶಿಕ್ಷಕಿಯನ್ನು ತಿದ್ದಿದ ಆ ಮುಖ! ತರಬೇತಿ ಕಾಲೇಜುಗಳಲ್ಲಿ ಪಾಠಯೋಜನೆ ಬರೆಸುವ ಬದಲು ಇದನ್ನೊಂದು ತೋರಿಸಿದರೆ ಸಾಕೆನಿಸಿತು.

ಆ ಪುಸ್ತಕದ ಜೆರಾಕ್ಸ್ ಪ್ರತಿ ಹಿಡಿದು ನಾನು ಗಡಿ ದಾಟಿ ಮಹಾರಾಷ್ಟ್ರದ ಅಕ್ಕಲಕೋಟ ತಾಲ್ಲೂಕಿಗೆ ಹೋದೆ. ಫಲಕಗಳು ಮರಾಠಿಗೆ ತಿರುಗಿದವು, ಚಹಾದಂಗಡಿಯ ಮಾತು ಕನ್ನಡದಲ್ಲೇ ಉಳಿಯಿತು. ಅಲ್ಲಿ ಕನ್ನಡ ಶಾಲೆಗಳಿವೆ. 1967ರಲ್ಲಿ ಪುಣೆಯಲ್ಲಿ ಶುರುವಾದ ಬಾಲಭಾರತಿ ಎಂಟು ಭಾಷೆಗಳಲ್ಲಿ ಪಠ್ಯ ಅಚ್ಚು ಹಾಕುತ್ತದೆ, ಕನ್ನಡವೂ ಅದರಲ್ಲೊಂದು. ಬೆಂಗಳೂರಿನ ಕನ್ನಡ ಪಠ್ಯವನ್ನಷ್ಟೇ ಕಂಡವರಿಗೆ ಪುಣೆಯಲ್ಲಿ ಅಚ್ಚಾದ ಕನ್ನಡ ಪಠ್ಯ ತೆರೆಯುವುದು ರೋಮಾಂಚನ. ಅದೇ ಅಕ್ಷರ, ಬೇರೆ ನಾಡು. ಇದೇ ಸೋಲಾಪುರ ಜಿಲ್ಲೆಯ ಪರಿತೇವಾಡಿಯ ಶಿಕ್ಷಕ ರಣಜಿತ್‌ಸಿಂಹ ಡಿಸಲೆ ಅವರಿಗೆ 2020ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂದಾಗ, ಮಕ್ಕಳ ಮನೆಮಾತು ಕನ್ನಡವೆಂದು ಅದನ್ನು ಕಲಿತು ಪಠ್ಯವನ್ನು ಮರುರೂಪಿಸಿದರೆಂಬ ವಿವರವನ್ನು ಪ್ರಶಸ್ತಿ ಕೊಟ್ಟವರು ಎತ್ತಿ ಹೇಳಿದ್ದರು. ಹತ್ತು ಲಕ್ಷ ಡಾಲರಿನಲ್ಲಿ ಅರ್ಧವನ್ನು ಅವರು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿಬಿಟ್ಟರು.

ಹಳ್ಳಿಯ ಕನ್ನಡ ಶಾಲೆಯಲ್ಲಿ ಮಣ್ಣೂರಿನ ಮಕ್ಕಳ ಪುಸ್ತಕ ತೆರೆದೆ. ಕಪ್ಪು ಮೋಡದ ಮೊದಲ ಪುಟ ನೋಡಿದ್ದೇ ನಾಲ್ಕನೇ ತರಗತಿಯ ಹುಡುಗನೊಬ್ಬ ತಲೆ ಅಲ್ಲಾಡಿಸಿದ. "ತಪ್ಪದ ರೀ ಇದು. ಅವ್ರ ಊರಾಗ ಮಳಿ ಬಂದು ಹೊಳಿ ತುಂಬಿಲ್ಲ. ನೀರು ನಮ್ಮ ಕಡಿಂದ ಹೋಗ್ಯದ. ಉಜನಿ ಡ್ಯಾಮ್ ಬಿಟ್ರು, ಸೀನಾ ಹೊಳಿ ಬಂತು." ಇನ್ನೊಬ್ಬಳು ಎದ್ದಳು: ಸೀನಾ ದಂಡೆಯ ತನ್ನ ಮಾವನ ಊರಿನಲ್ಲಿ ನೀರು ಮೊದಲೇ ಬಂದಿತ್ತಂತೆ. ಹಾಗಾದರೆ ಏನು ಮಾಡೋಣ ಎಂದೆ. ಮೋಡಕ್ಕಿಂತ ಮೊದಲು ಒಂದು ಪುಟ ಸೇರಿಸಬೇಕು ಎಂದು ತೀರ್ಮಾನವಾಯಿತು. ಡ್ಯಾಮಿನ ಗೇಟು ಎಷ್ಟು, ಯಾವ ಬಣ್ಣ ಎಂಬುದಕ್ಕೆ ಜಗಳ ಹತ್ತಿ, ಅದನ್ನು ಕಣ್ಣಾರೆ ನೋಡಿದ್ದೇನೆ ಎಂದವನ ಕೈಗೆ ಪೆನ್ಸಿಲ್ ಹೋಯಿತು.

ಅಲ್ಲಿನ ಗುರುಗಳು ಆ ಪುಟದ ಫೋಟೋ ತೆಗೆದು ಮಣ್ಣೂರಿನ ಶಿಕ್ಷಕಿಗೆ ವಾಟ್ಸಾಪ್ ಮಾಡಿದರು. ಸಂಜೆ ನಾನು ಸೋಲಾಪುರದ ಬಸ್ಸು ಹತ್ತುವ ಹೊತ್ತಿಗೆ ಉತ್ತರ ಬಂತು: "ಹುಡುಗೂರಿಗೆ ತೋರಿಸ್ದೆ ಮೇಡಂ. ಮೋಡದ ಪುಟ ತೆಗೀಬಾರ್ದು ಅಂತ ಹಟ ಮಾಡ್ಲತ್ತಾವ, ಎರಡೂ ಇಡ್ತೀವಿ. ಮತ್ತ ನೀರು ನಮ್ಮೂರಿಂದ ಮುಂದ ಎಲ್ಲಿ ಹೋಯ್ತು ಅಂತ ಕೇಳ್ಲತ್ತಾವ. ಜೇವರ್ಗಿ ಕಡಿ ಹೊಳಿ ದಂಡ್ಯಾಗಿನ ಸಾಲಿ ಟೀಚರ್ ಯಾರರ ಗೊತ್ತದಾರೇನ್ರಿ ನಿಮಗ?"